ನೈವೇದ್ಯಕ್ಕಿಟ್ಟ ಹುಗ್ಗಿ

ಧನುರ್ಮಾಸದ ಚಳಿಯಲ್ಲಿ ಹೊಸ ಸೊಸೆ ನಸುಕಿಗೇ ಮಡಿಯುಟ್ಟು ಹುಗ್ಗಿಗಿಟ್ಟಳು. ಸೂರ್ಯ ಹುಟ್ಟುವ ಮೊದಲು ನೈವೇದ್ಯವಾಗಬೇಕು. ಅದಾಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಅಕ್ಕಿ, ಹೆಸರುಬೇಳೆ ಬೆಂದವು. ಮೆಣಸು, ಜೀರಿಗೆ ತುಪ್ಪದಲ್ಲಿ ಚಟಪಟಿಸಿದವು. ಉಪ್ಪು ಹಾಕಿದೆನೋ ಇಲ್ಲವೋ, ಅದು ಮಾತ್ರ ಅವಳಿಗೆ ನೆನಪಾಗಲಿಲ್ಲ. ಬಗ್ಗಿ ಮೂಸಿದಳು. ಮೂಸುವುದೂ ತಪ್ಪೆಂದು ಹೊಳೆದು ಮೂಗು ಹಿಡಿದುಕೊಂಡಳು.

ಹಜಾರದಲ್ಲಿ ಭಜನೆಯ ಹೆಂಗಸರೆಲ್ಲ ಬಂದು ಕೂತಿದ್ದರು, ಹೊಸ ಸೊಸೆಯ ಕೈರುಚಿ ನೋಡಲೆಂದೇ.

"ಅತ್ತೆ, ಒಂದೇ ಒಂದು ಅಗುಳು ಬಾಯಿಗೆ ಹಾಕ್ಕೊಂಡು ನೋಡ್ಲಾ?"

"ರಾಮ ರಾಮ! ದೇವರಿಗಿಂತ ಮುಂಚೆ ನಿನಗಾ? ನಾನು ಈ ಮನೆಗೆ ಬಂದಾಗಿನಿಂದ ಒಂದು ದಿನವೂ ಹಾಗೆ ಮಾಡಿಲ್ಲ."

"ಉಪ್ಪು ಕಮ್ಮಿ ಆಗಿದ್ರೆ?"

"ದೇವರೇನು ನಿನ್ನ ಹಾಗೆ ಬಾಯಿಚಪಲದವನೇನೇ? ಕೊಟ್ಟದ್ದು ತಿಂತಾನೆ."

"ದೇವರು ತಿಂತಾನೆ ಅತ್ತೆ. ಹಜಾರದಲ್ಲಿ ಕೂತಿರೋರು?"

"ಬಾಯಿ ಮುಚ್ಚಿಕೊಂಡು ಪಾತ್ರೆ ಎತ್ತು."

ಪಾತ್ರೆ ದೇವರ ಮುಂದೆ ಬಂತು. ಮಾವ ಕಣ್ಣು ಮುಚ್ಚಿ, ರಾಗವಾಗಿ ಮಂತ್ರ ಶುರುಮಾಡಿದರು. ಭಜನೆಯವರೂ ಕಣ್ಣು ಮುಚ್ಚಿ ಕೈ ಮುಗಿದರು. ಸೊಸೆ ಒಂದೇ ಕಣ್ಣು ತೆರೆದು, ಉಕ್ಕಿ ಬರುವ ನಗು ತಡೆದುಕೊಂಡು, ಮೆಲ್ಲಗೆ ಪಾತ್ರೆಯೊಳಗೆ ಕೈ ಚಾಚಿದಳು. ಅಲ್ಲಿ ಅವಳ ಕೈಗೆ ಇನ್ನೊಂದು ಕೈಯ ಬಳೆಗಳು ತಗುಲಿದವು.

ಅತ್ತೆ ಬೆರಳು ಚೀಪುತ್ತ ಅವಳ ಕಿವಿಯಲ್ಲಿ ಉಸುರಿದರು: "ಉಪ್ಪೇ ಇಲ್ಲ ಕಣೇ! ನಿಮ್ಮ ಮಾವ ಕಣ್ಣು ಬಿಡೋದ್ರೊಳಗೆ ಓಡಿಹೋಗಿ ತಗೊಂಡ್ಬಾ."