ಬಲಿತ ಬೇರು

ಕಡಲು ಕುಂದಾಪುರವನ್ನು ನುಂಗಿ ಹನ್ನೊಂದು ವರ್ಷವಾಗಿತ್ತು. ಕಲ್ಯಾಣಿ ಅಂದು ಕಳೆದುಕೊಂಡ ಮಗಳು ಮುಕ್ತಾಳಿಗೆ ಆಗ ಮೂರು ವರ್ಷ. ಜನನಪತ್ರ, ರಕ್ತ ಪರೀಕ್ಷೆಯ ಯಂತ್ರ ಎಲ್ಲವೂ ನೀರುಪಾಲಾಗಿ, ತೇಲುವ ಶಿಬಿರಗಳಲ್ಲಿ ಈಗ ವಯಸ್ಸಿಗೆ ಬುದ್ಧಿಹಲ್ಲೊಂದೇ ಸಾಕ್ಷಿ. ಸಿಕ್ಕ ಮಕ್ಕಳನ್ನು ಹೆತ್ತವರ ಹೆಸರಿಗೆ ಬರೆಯುವ ಮೊದಲು ಆ ಹಲ್ಲಿನ ಎಕ್ಸ್‌ರೇ ತೆಗೆಯುತ್ತಿದ್ದರು. ಹದಿನೆಂಟು ದಾಟಿದವರು ದೊಡ್ಡವರ ಶಿಬಿರಕ್ಕೆ ಹೋಗಬೇಕು.

ತಿಂಗಳಿಂದ ಕಲ್ಯಾಣಿಯ ಜೊತೆಗಿದ್ದ ಹುಡುಗಿ ಕುರ್ಚಿಯಲ್ಲಿ ಕೂತಿದ್ದಳು. ಎಡಗೆನ್ನೆಯ ಮೇಲೆ ಮುಕ್ತಾಳಿಗಿದ್ದಂಥದೇ ಮಚ್ಚೆ.

ಡಾಕ್ಟರ್ ಫೆಲ್ಸಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಹದಿನಾಲ್ಕರಲ್ಲಿ ಈ ಹಲ್ಲಿಗೆ ಬೇರು ಬಲಿತಿರುವುದಿಲ್ಲ, ಕಲ್ಯಾಣಿ. ಇವಳದ್ದು ತುದಿಯವರೆಗೂ ಬಲಿತಿದೆ. ಇಪ್ಪತ್ತಾದರೂ ಆಗಿದೆ."

"ಇನ್ನೊಮ್ಮೆ ನೋಡಿ ಡಾಕ್ಟ್ರೇ. ಉಪ್ಪುನೀರಲ್ಲಿ ಬೆಳೆದವಳು, ಬೇಗ ಬಲಿತಿರಬಹುದು."

ಹುಡುಗಿ ತಲೆತಗ್ಗಿಸಿದಳು. "ನನಗೆ ಗೊತ್ತಿತ್ತಮ್ಮ. ನನ್ನ ತಾಯಿ ಮುಳುಗಿದ್ದನ್ನು ಕಣ್ಣಾರೆ ಕಂಡವಳು ನಾನು. ಮೊದಲ ದಿನವೇ ನೀವು ಮೀನಿನ ಮುಳ್ಳು ಬಿಡಿಸಿ ತುತ್ತು ಕೊಟ್ಟಿರಿ. ಆಮೇಲೆ ಹೇಳಲು ಬಾಯಿ ಬರಲಿಲ್ಲ."

ಕಲ್ಯಾಣಿ ಹುಡುಗಿಯ ಕೈ ಹಿಡಿದುಕೊಂಡಳು. "ನಿನ್ನ ಹೆಸರೇನು?"

"ವನಜಾ."

"ಮುಕ್ತಾಳ ಹೆಸರನ್ನು ಕಾಣೆಯಾದವರ ಪಟ್ಟಿಗೆ ಮತ್ತೆ ಸೇರಿಸಬೇಕಾಗುತ್ತದೆ," ಎಂದರು ಡಾಕ್ಟರ್, ಮೆಲ್ಲಗೆ.

"ಬರೆದುಕೊಳ್ಳಿ," ಎಂದಳು ಕಲ್ಯಾಣಿ.

ದೊಡ್ಡವರ ಶಿಬಿರದ ದೋಣಿಯವನು ಮೂರು ಸಲ ಕೂಗಿದ. ಆಗಲೂ ಅವಳು ವನಜಾಳ ಕೈ ಬಿಡಲಿಲ್ಲ. ಕೊನೆಗೆ ವನಜಾಳೇ ಅಳುತ್ತ, ಒಂದೊಂದಾಗಿ ಆ ಬೆರಳುಗಳನ್ನು ಬಿಡಿಸಿ, ದೋಣಿ ಹತ್ತಿದಳು.