ತಿರುಗಿ ಹೇಳಿದ್ದು

ದಲೀಲಾ ಒಣಮೆಣಸಿನಕಾಯಿಯ ತೊಟ್ಟು ಮುರಿದು ಬೀಜ ಕೊಡವುತ್ತಿದ್ದಳು. ವರ್ಷದ ಹರೀಸಾ ಚಟ್ನಿಗೆ ಇನ್ನೂ ಅರ್ಧ ಬುಟ್ಟಿ ಬಾಕಿ ಇತ್ತು. ನಿನ್ನೆ ಸಂಜೆಯ ಅಕಾಲದ ಮಳೆಗೆ ಮೊನಾಸ್ತೀರ್ ಊರಿನ ಆ ಬೀದಿಯ ಎಲ್ಲ ತಾರಸಿಗಳ ಮೆಣಸಿನಕಾಯಿಯೂ ತೊಯ್ದು ತೊಪ್ಪೆಯಾಗಿತ್ತು, ಇವಳದೊಂದನ್ನು ಬಿಟ್ಟು. ಆಗಷ್ಟೇ ಪಕ್ಕದ ಮನೆಯ ಝೊಹ್ರಾ ಗೋಡೆಯಾಚೆಯಿಂದ ಇಣುಕಿ, ಒಂದು ತುಣುಕು ಮೋಡವಿಲ್ಲದ ಹೊತ್ತಿನಲ್ಲೇ ಎತ್ತಿಟ್ಟೆಯಲ್ಲ, ಮಳೆ ನಿನಗೊಬ್ಬಳಿಗೇ ಹೇಳಿ ಕಳಿಸಿತ್ತೇನು ಎಂದು ಚುಚ್ಚಿ ಹೋಗಿದ್ದಳು. ದಲೀಲಾ ನಕ್ಕಿದ್ದಳು. ಯಾಕೆ ಎತ್ತಿಟ್ಟೆನೆಂಬುದು ಅವಳಿಗೂ ನೆನಪಿರಲಿಲ್ಲ.

"ಉಮ್ಮಿ, ಇಲ್ಲಿ ಬಾ," ಎಂದಳು ಮಗಳು ಸಿರೀನ್, ಅಡುಗೆಮನೆಯ ಮೇಜಿನ ಆ ತುದಿಯಿಂದ.

"ಇದು ಮುಗೀಲಿ ಬಿಂತಿ. ಕೈಯೆಲ್ಲ ಖಾರ."

"ಕೈ ಬೇಡ. ಕಿವಿ ಸಾಕು."

ಹನ್ನೆರಡರ ಹುಡುಗಿ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದೂ ಇರಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಅವಳ ಬಾಯಲ್ಲಿ ಏನೋ ಒಂದು ಮಾತು ಬಂದು ಬಂದು ನಿಲ್ಲುತ್ತಿರುವುದನ್ನು ದಲೀಲಾ ಗಮನಿಸಿದ್ದಳು. ಕೇಳಿ ಹೊರಡಿಸಬಾರದು, ತಾನಾಗಿ ಬರಲಿ ಎಂದು ಬಿಟ್ಟಿದ್ದಳು.

ಸಿರೀನ್ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಿದ್ದಳು. ಆಟವೇ ಆದರೂ ಆ ಆಕಾಶದಲ್ಲಿ ನೂರಾರು ಜನ ಇರುತ್ತಿದ್ದರು. ದಾರಿ ತೋರುವ ಗೋಪುರದವರೂ ತಂತಮ್ಮ ಮನೆಗಳಲ್ಲಿ ಕೂತ ನಿಜವಾದ ಮನುಷ್ಯರೇ. ಮೈಕಿನಲ್ಲಿ ಅವರ ಜೊತೆ ಮಾತಾಡುವುದನ್ನು ಕಲಿಸುತ್ತಿದ್ದವರು ಸ್ಫಾಕ್ಸ್ ಊರಿನ ಸಿ ಬಶೀರ್ ಎಂಬ ಹಿರಿಯರು, ಮುಖ ಕಂಡವರಲ್ಲ. ದಿನದ ಮಾತೆಲ್ಲ ಧ್ವನಿಮುದ್ರಣವಾಗಬೇಕು, ಮರುದಿನ ಬೆಳಿಗ್ಗೆ ಕೇಳಿ ನಿನ್ನ ತಪ್ಪನ್ನು ನಿನ್ನ ಕೈಯಾರೆ ಬರೆಯಬೇಕು ಎಂಬುದು ಅವರ ಕಟ್ಟಳೆ. ಸಿರೀನಳ ಪುಸ್ತಕದಲ್ಲಿ ಹೆಚ್ಚಾಗಿ ಒಂದೇ ತಪ್ಪು: 'ಗೋಪುರದವರು ಎತ್ತರ ಹೇಳಿದಾಗ ಅದನ್ನೇ ತಿರುಗಿ ಹೇಳಲಿಲ್ಲ, ಬರೀ ಸರಿ ಅಂದೆ.'

ತಿರುಗಿ ಹೇಳುವುದು ಆ ಮನೆಗೆ ಹೊಸದಲ್ಲ. ಸಿರೀನಳ ಅಪ್ಪ ನಜೀಬ್ ಇಪ್ಪತ್ತು ವರ್ಷ ವಿಮಾನ ನಿಲ್ದಾಣದ ನಿಜವಾದ ಗೋಪುರದಲ್ಲಿ ಕೆಲಸ ಮಾಡಿದವನು. ಅಂಗಡಿಗೆ ಕಳಿಸುವಾಗಲೂ, ಎರಡು ರೊಟ್ಟಿ, ಒಂದು ಕಟ್ಟು ಪುದೀನ, ಹೇಳು ನೋಡೋಣ ಎನ್ನುತ್ತಿದ್ದ. ಎರಡು ರೊಟ್ಟಿ, ಒಂದು ಕಟ್ಟು ಪುದೀನ, ಆಯಿತು ದೊರೆಯೇ ಎಂದು ದಲೀಲಾ ಅಣಕಿಸುತ್ತ ಒಪ್ಪಿಸುತ್ತಿದ್ದಳು. ತಪ್ಪಿದರೆ ಅಲ್ಲೇ ತಿದ್ದುತ್ತಿದ್ದ. ತಿದ್ದುವುದಕ್ಕೆಂದೇ ತಿರುಗಿ ಹೇಳಿಸುವುದು ಎನ್ನುತ್ತಿದ್ದ. ಮೂರು ವರ್ಷದ ಹಿಂದೆ ಅವನ ಎದೆಬಡಿತ ನಿಂತ ಮೇಲೆ ಸಿರೀನ್ ವರ್ಷವಿಡೀ ಅವನ ಹಳೆಯ ರೇಡಿಯೋಗೆ ಕಿವಿಯಿಟ್ಟು ಕೂತಿದ್ದಳು. ಸತ್ತವರು ಮಾತಾಡುವುದಿಲ್ಲ ಎಂದು ನೂರು ಸಲ ಹೇಳಿ, ಬೆನ್ನು ಸವರಿ, ದಲೀಲಾ ಅವಳನ್ನು ಮಲಗಿಸಿದ್ದಳು. ಹುಡುಗಿ ಒಬ್ಬಳೇ ಮಲಗಲು ಕಲಿತದ್ದು ಈ ವರ್ಷ.

"ನಿನ್ನೆ ನಾಲ್ಕು ಗಂಟೆಗೆ ರೊಟ್ಟಿ ತರೋಕೆ ಹೋದೆನಲ್ಲ," ಎಂದಳು ಸಿರೀನ್. "ಭೂಗೋಳದ ಪುಸ್ತಕ ಮೈಕಿನ ಗುಂಡಿ ಮೇಲೆ ಬಿಟ್ಟು ಹೋಗಿದ್ದೆ. ಗುಂಡಿ ಒತ್ಕೊಂಡೇ ಇತ್ತು. ಬೇರೆ ಯಾರಿಗೂ ಮಾತಾಡೋಕೆ ಆಗಿಲ್ಲ. ಮೇಲಿದ್ದವರಿಗೆಲ್ಲ ನಮ್ಮ ಅಡುಗೆಮನೇನೇ ಕೇಳ್ಸಿದೆ."

"ಸದ್ಯ, ಝೊಹ್ರಾನ ನಿನ್ನೆ ಬೈದಿರಲಿಲ್ಲ."

ಸಿರೀನ್ ನಗಲಿಲ್ಲ. ಸಿ ಬಶೀರ್ ಕಳಿಸಿದ್ದ ಸಂದೇಶವನ್ನು ತಾಯಿಯ ಕಡೆ ತಿರುಗಿಸಿದಳು. 'ಗುಂಡಿಯ ತಪ್ಪನ್ನು ಬರೆದುಕೋ. ಆದರೆ ನಿಮ್ಮ ಮನೆಯಲ್ಲಿ ಯಾರೋ ಬಹಳ ಚೆನ್ನಾಗಿ ತಿರುಗಿ ಹೇಳುತ್ತಾರೆ. ಅವರಿಂದ ಕಲಿ.'

ಆಮೇಲೆ ನಿನ್ನೆಯ ಧ್ವನಿಮುದ್ರಣ ಹಚ್ಚಿದಳು. ನಲ್ಲಿಯ ನೀರು. ತಟ್ಟೆ ತಟ್ಟೆಗೆ ತಾಗಿದ ಸದ್ದು. ಅದರ ನಡುವೆ ದಲೀಲಾಳದೇ ದನಿ, ತಗ್ಗಿ, ನಿಧಾನವಾಗಿ. ಮೂರು ವರ್ಷದಿಂದ ಅವಳು ಬಳಸಿರದ ದನಿ.

"ಒಲೆ ಆರಿಸಬೇಕು. ಆರಿಸಿದೆ."

ಮೌನ. ಒಬ್ಬರು ಒಂದು ಮಾತು ಹೇಳಿ ಮುಗಿಸುವಷ್ಟು ಉದ್ದದ್ದು.

"ಮೆಣಸಿನಕಾಯಿ ಕೆಳಗೆ ತರಬೇಕು, ಆರಕ್ಕೆ ಮೊದಲು."

ಮತ್ತೆ ಮೌನ. ಈ ಸಲ ಚಿಕ್ಕದು.

"ಅಲ್ಲ, ಐದಕ್ಕೆ. ಐದಕ್ಕೆ ಮೊದಲು."

ನಂತರ ಬಾಗಿಲ ಸದ್ದು, ಸಿರೀನಳ ಚಪ್ಪಲಿ, ಅಲ್ಲಿಗೆ ಮುಗಿಯಿತು.

ನಿನ್ನೆ ಮಳೆ ಹನಿದದ್ದು ಐದೂಕಾಲಿಗೆ. ದಲೀಲಾ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ನೋಡಿದಳು. ಗರಿಗರಿಯಾಗಿ ಒಣಗಿತ್ತು, ಅಲುಗಿಸಿದರೆ ಒಳಗೆ ಬೀಜ ಗಿಲಗಿಲ ಎನ್ನುತ್ತಿತ್ತು. ಈ ಮಾತುಗಳಲ್ಲಿ ಒಂದನ್ನೂ ಆಡಿದ ನೆನಪು ಅವಳಿಗಿರಲಿಲ್ಲ.

"ಒಬ್ಬರೇ ಕೆಲಸ ಮಾಡೋರು ತಮ್ಮಷ್ಟಕ್ಕೆ ತಾವು ಮಾತಾಡ್ಕೋತಾರೆ ಬಿಂತಿ," ಎಂದಳು. "ನಿನ್ನ ಅಜ್ಜೀನೂ ಹಾಗೇ ಇದ್ದಳು."

ಸಿರೀನ್ ತಲೆಯಾಡಿಸಿದಳು. ಪುಸ್ತಕ ತೆರೆದು ಗುಂಡಿಯ ತಪ್ಪನ್ನು ದುಂಡಗೆ ಬರೆದಳು, ಪೆನ್ನು ಮುಚ್ಚಿಟ್ಟಳು. ಧ್ವನಿಮುದ್ರಣವನ್ನು ಹಿಂದಕ್ಕೆ ಎಳೆದು ಆ ಚಿಕ್ಕ ಮೌನವನ್ನಷ್ಟೇ ಮತ್ತೊಮ್ಮೆ ಕೇಳಿಸಿದಳು. ಹಳೆಯ ರೇಡಿಯೋಗೆ ಇಡುತ್ತಿದ್ದಂತೆಯೇ ಕಿವಿಯಿಟ್ಟು ಕೇಳಿದಳು. ಆಮೇಲೆ ಬೆಳಗಿನಿಂದ ಬಾಯಲ್ಲಿ ತಡೆದಿಟ್ಟಿದ್ದನ್ನು ಕೇಳಿಯೇ ಬಿಟ್ಟಳು.

"ಆರು ಅಂದಿದ್ದು ತಪ್ಪು ಅಂತ ನಿಂಗೆ ಹೇಳಿದ್ದು ಯಾರು, ಉಮ್ಮಿ?"