ಅಲರ್ಟ್ ತಂದ ಲೇಖನ

ಕೊಕ್ಕರೆ ಬೆಳ್ಳೂರಿನ ಹುಣಸೆಮರದಡಿ ಗೂಡು ಎಣಿಸುತ್ತಿದ್ದ ಆಲಿಯಾಳ ಮೊಬೈಲಿಗೆ ಇಮೇಲ್ ಅಲರ್ಟ್ ಬಂತು. ಹೆಜ್ಜಾರ್ಲೆ ಹಕ್ಕಿಗಳ ಬಗ್ಗೆ ಎಲ್ಲೇ ಹೊಸ ಸಂಶೋಧನೆ ಪ್ರಕಟವಾದರೂ ತಿಳಿಯಲೆಂದು, ಜೊತೆಯಲ್ಲೇ ಪಿಎಚ್.ಡಿ. ಮಾಡುತ್ತಿದ್ದ ಗೆಳತಿ ದೀಪಿಕಳೇ ಅದನ್ನು ಹಾಕಿಕೊಟ್ಟಿದ್ದಳು.

ಲೇಖನ ತೆರೆದು ನೋಡಿದಳು. ಅದರಲ್ಲಿದ್ದದ್ದು ಆಲಿಯಾ ಮೂರು ವರ್ಷ ಎಣಿಸಿದ ಗೂಡುಗಳ ಅಂಕಿಅಂಶ, ಅವಳೇ ತೆಗೆದ ಮರಿಗಳ ಫೋಟೊ. ಬರೆದವರ ಜಾಗದಲ್ಲಿ ಮಾತ್ರ ದೀಪಿಕಳ ಹೆಸರೊಂದೇ ಇತ್ತು.

ಕೂಡಲೇ ಫೋನ್ ಮಾಡಿದಳು. "ತಪ್ಪಿದ್ರೆ ತಿದ್ದು ಅಂತ ಕಳ್ಸಿದ್ದು ಕಣೇ, ನಿನ್ ಹೆಸ್ರಲ್ಲಿ ಹಾಕ್ಕೊ ಅಂತಲ್ಲ!"

"ನೀನ್ ಬರಿಯೋದು ಯಾವ್ ಕಾಲಕ್ಕೆ? ಕೊನೇಲಿ ನಿಂಗೂ ಥ್ಯಾಂಕ್ಸ್ ಹೇಳಿದೀನಿ, ನೋಡು" ಎಂದಳು ದೀಪಿಕ.

ಆಲಿಯಾ ಕೊನೆಯ ಪುಟ ತೆಗೆದಳು. ಊರಿನ ಸಹಾಯಕಿಯೊಬ್ಬಳಿಗೆ ವಂದನೆಗಳು ಎಂದಿತ್ತು, ಹೆಸರಿರಲಿಲ್ಲ. ಅಂಕಿಅಂಶ ಕಳಿಸಿದ್ದ ತನ್ನ ಹಳೆಯ ಇಮೇಲ್ ಹುಡುಕಿ, ಅಳುತ್ತಲೇ ಅದನ್ನು ಲೇಖನ ಪ್ರಕಟಿಸಿದ್ದ ಪತ್ರಿಕೆಯ ಸಂಪಾದಕರಿಗೆ ಕಳಿಸಿದಳು.